ಸ್ಪರ್ಶ ಮತ್ತು ನೋವಿನ ನರವಿಜ್ಞಾನ (ಉತ್ತರ ಬೆಂಗಳೂರು)

ಚರ್ಮಕ್ಕೆ ತಾಗಿದ್ದು ನರಗಳ ಮೂಲಕ ಮಿದುಳನ್ನು ತಲುಪಿ, ಅಲ್ಲಿ ಸ್ಪರ್ಶ, ಬಿಸಿ, ತುರಿಕೆ ಅಥವಾ ನೋವಾಗಿ ಅರಿವಿಗೆ ಬರುವ ಬಗೆಯನ್ನು ತಿಳಿಸುವ ವಿಜ್ಞಾನ ಶಾಖೆ. ಕರ್ನಾಟಕದಲ್ಲಿ ಈ ವಿಷಯದ ಮೂಲ ಸಂಶೋಧನೆ ಮತ್ತು ಬೋಧನೆ ನಡೆಯುವ ಕೆಲವು ಮುಖ್ಯ ಸಂಸ್ಥೆಗಳು ಬೆಂಗಳೂರಿನ ಸಂಜಯನಗರದ ಸುತ್ತಮುತ್ತ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಅರ್ಣಬ್ ಬಾರಿಕ್ ನಡೆಸುತ್ತಿರುವ ಪ್ರಯೋಗಾಲಯ ಇವುಗಳಲ್ಲಿ ನೇರವಾಗಿ ಸ್ಪರ್ಶ, ನೋವು ಮತ್ತು ತುರಿಕೆಗೇ ಮೀಸಲಾದದ್ದು. ನೋವಿನ ಪ್ರಮಾಣ ಗಾಯದ ಪ್ರಮಾಣವನ್ನಷ್ಟೇ ಅವಲಂಬಿಸಿಲ್ಲ, ಅದನ್ನು ಹೆಚ್ಚಿಸುವ ಮತ್ತು ತಗ್ಗಿಸುವ ವ್ಯವಸ್ಥೆ ಮಿದುಳಿನಲ್ಲೇ ಇದೆ ಎಂಬುದು ಈ ಸಂಶೋಧನೆಯ ಕೇಂದ್ರಬಿಂದು.

ಸ್ಥಳ ಮತ್ತು ಸಂಸ್ಥೆಗಳು

ಸಂಜಯನಗರದ ದಕ್ಷಿಣಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. ಹಳೆಯ ಬೆಂಗಳೂರಿಗರ ಬಾಯಲ್ಲಿ ಇದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಇಲ್ಲಿನ ನರವಿಜ್ಞಾನ ಕೇಂದ್ರ ಆರಂಭವಾದದ್ದು 2009ರಲ್ಲಿ; ವಿಜಯಲಕ್ಷ್ಮಿ ರವೀಂದ್ರನಾಥ್ ಅದರ ಸ್ಥಾಪಕ ಮುಖ್ಯಸ್ಥೆ. ಸಂಜಯನಗರದ ಪಶ್ಚಿಮಕ್ಕೆ 1979ರಲ್ಲಿ ಆರಂಭವಾದ ಎಂ. ಎಸ್. ರಾಮಯ್ಯ ವೈದ್ಯಕೀಯ ಕಾಲೇಜು, ಪೂರ್ವಕ್ಕೆ ಹೆಬ್ಬಾಳದಲ್ಲಿ 1958ರ ಪಶುವೈದ್ಯಕೀಯ ಕಾಲೇಜು ಇವೆ. ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿ ಹೋದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಸಿಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಇದನ್ನು ಕಟ್ಟಿದವರು ಒಬೈದ್ ಸಿದ್ದೀಕಿ. ನರರೋಗಿಗಳ ಚಿಕಿತ್ಸೆ ಮತ್ತು ಅಧ್ಯಯನಕ್ಕೆ ಹೆಸರಾದ ನಿಮ್ಹಾನ್ಸ್ ಮಾತ್ರ ನಗರದ ದಕ್ಷಿಣ ಭಾಗದ ಹೊಸೂರು ರಸ್ತೆಯಲ್ಲಿದೆ.

ಚರ್ಮದಿಂದ ಬೆನ್ನುಹುರಿಗೆ

ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಹಲವು ಬಗೆಯ ನರತುದಿಗಳಿವೆ. ಮೈಸ್ನರ್ ಕಾಯಗಳು ಹಗುರವಾದ ತಾಗುವಿಕೆ ಮತ್ತು ಜಾರುವಿಕೆಯನ್ನೂ, ಮರ್ಕೆಲ್ ಕೋಶಗಳು ವಸ್ತುವಿನ ಅಂಚು ಮತ್ತು ಮೇಲ್ಮೈಯ ನವಿರನ್ನೂ, ರಫಿನಿ ತುದಿಗಳು ಚರ್ಮದ ಎಳೆತವನ್ನೂ ಹಿಡಿಯುತ್ತವೆ. ಆಳದಲ್ಲಿರುವ ಪ್ಯಾಸಿನಿ ಕಾಯಗಳು ಕಂಪನಕ್ಕೆ, ಅದರಲ್ಲೂ ಸೆಕೆಂಡಿಗೆ 200ರಿಂದ 300 ಸಲ ಅದುರುವ ಕಂಪನಕ್ಕೆ ಅತಿ ಚುರುಕಾಗಿ ಸ್ಪಂದಿಸುತ್ತವೆ. ಬೆರಳ ತುದಿಯಲ್ಲಿ ಇಂಥ ತುದಿಗಳು ಒತ್ತಾಗಿವೆ. ಆದ್ದರಿಂದ ಅಲ್ಲಿ ಎರಡು ಮೂರು ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳೂ ಬೇರೆಬೇರೆ ಎಂದು ತಿಳಿಯುತ್ತದೆ. ಬೆನ್ನಿನ ಮೇಲೆ ಅವುಗಳ ನಡುವೆ ಹಲವು ಸೆಂಟಿಮೀಟರ್ ಅಂತರ ಬೇಕಾಗುತ್ತದೆ.

ಹಾನಿಯ ಸೂಚನೆಯನ್ನು ಒಯ್ಯುವ ನರಗಳು ಬೇರೆ. ಚಾರ್ಲ್ಸ್ ಶೆರಿಂಗ್ಟನ್ 20ನೆಯ ಶತಮಾನದ ಆರಂಭದಲ್ಲಿ ಇವುಗಳಿಗೆ ನೊಸಿಸೆಪ್ಟರ್ ಎಂಬ ಹೆಸರು ಕೊಟ್ಟರು. ಹಗುರ ಸ್ಪರ್ಶವನ್ನು ಸಾಗಿಸುವ ದಪ್ಪನೆಯ ಎ-ಬೀಟಾ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 30ರಿಂದ 70 ಮೀಟರ್ ವೇಗದಲ್ಲಿ ಓಡುತ್ತದೆ. ತೆಳ್ಳಗಿನ ಎ-ಡೆಲ್ಟಾ ತಂತುಗಳ ವೇಗ 5ರಿಂದ 30 ಮೀಟರ್. ಮೈಲಿನ್ ಹೊದಿಕೆಯಿಲ್ಲದ ಸಿ-ತಂತುಗಳದ್ದು ಎರಡು ಮೀಟರಿಗೂ ಕಡಿಮೆ. ಕಾಲ್ಬೆರಳು ಬಾಗಿಲಿಗೆ ಎಡವಿದಾಗ ಮೊದಲು ಚುಳ್ಳೆಂದು, ಒಂದೆರಡು ಕ್ಷಣ ಬಿಟ್ಟು ಮಂದವಾಗಿ ಹರಡುವ ಎರಡನೆಯ ನೋವು ಬರುವುದು ಈ ವೇಗದ ಅಂತರದಿಂದ.

ನರತುದಿಯಲ್ಲಿ ಶಾಖ ಮತ್ತು ಒತ್ತಡ ವಿದ್ಯುತ್ ಸಂಕೇತವಾಗುವುದು ಹೇಗೆ ಎಂಬುದು ಬಹುಕಾಲ ಬಗೆಹರಿದಿರಲಿಲ್ಲ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ಗೆ ತೆರೆದುಕೊಳ್ಳುವ ಟಿಆರ್‌ಪಿವಿ1 ಎಂಬ ಪ್ರೋಟೀನನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೂ ಇದೇ ದ್ವಾರ ತೆರೆಯುತ್ತದೆ. ಖಾರ ತಿಂದಾಗ ನಾಲಿಗೆ ನಿಜವಾಗಿ ಬಿಸಿಯಾಗದಿದ್ದರೂ ಉರಿಯುವುದು ಇದರಿಂದ. ಕ್ಯಾಪ್ಸೈಸಿನ್ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿ ಸಾರಿಗೆ ಕಡುಗೆಂಪು ಬಣ್ಣ ಕೊಟ್ಟರೂ ಬಾಯಿ ಸುಡದೆ ಇರುವುದಕ್ಕೂ ಕಾರಣ ಇಲ್ಲೇ ಇದೆ. 2010ರಲ್ಲಿ ಆರ್ಡೆಮ್ ಪಟಪೂಟಿಯನ್ ತಂಡ ಒತ್ತಿದರೆ ತೆರೆಯುವ ಪೀಜೋ1 ಮತ್ತು ಪೀಜೋ2 ಪ್ರೋಟೀನುಗಳನ್ನು ಪತ್ತೆ ಮಾಡಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಇವರಿಬ್ಬರೂ ಹಂಚಿಕೊಂಡರು.

ಪೀಜೋ2 ಕೆಲಸ ಮಾಡದ ಇಬ್ಬರ ಬಗ್ಗೆ 2016ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಅಲೆಕ್ಸಾಂಡರ್ ಚೆಸ್ಲರ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದರು. ಕಣ್ಣು ಮುಚ್ಚಿದರೆ ಅವರಿಗೆ ತಮ್ಮ ಕೈಕಾಲು ಎಲ್ಲಿದೆಯೆಂದೇ ತಿಳಿಯದು. ಅಂಗೈಗೆ ಕಂಪನ ತಾಗಿದರೂ ಗೊತ್ತಾಗದು. ಆದರೆ ನೋವು ಗೊತ್ತಾಗುತ್ತದೆ. ಸ್ಪರ್ಶಕ್ಕೂ ನೋವಿಗೂ ಬೇರೆಬೇರೆ ದಾರಿಗಳಿರುವುದಕ್ಕೆ ಮನುಷ್ಯರಲ್ಲೇ ದೊರೆತ ಪುರಾವೆ ಇದು. ಈ ಪ್ರೋಟೀನು ಇಲ್ಲದವರ ಚರ್ಮಕ್ಕೆ ಕ್ಯಾಪ್ಸೈಸಿನ್ ಹಾಕಿ ಉರಿ ತರಿಸಿದಾಗ, ಹಗುರ ಸ್ಪರ್ಶವೂ ನೋಯುವ ಸ್ಥಿತಿ ಅವರಲ್ಲಿ ಉಂಟಾಗಲಿಲ್ಲ ಎಂದು 2018ರಲ್ಲಿ ಗೊತ್ತಾಯಿತು. ಉಳಿದವರಲ್ಲಿ, ಸುಟ್ಟ ಚರ್ಮಕ್ಕೆ ಬಟ್ಟೆ ಸೋಕಿದರೂ ತಡೆಯಲಾಗದಷ್ಟು ನೋಯುವಲ್ಲಿ ಸ್ಪರ್ಶದ ನರಗಳ ಪಾಲಿದೆ ಎಂದು ಇದರಿಂದ ತಿಳಿಯುತ್ತದೆ.

ನೋವಿನ ಪರಿಕಲ್ಪನೆ

ಹಾನಿಯ ಸೂಚನೆ ನರದಲ್ಲಿ ಸಾಗುವುದು ಒಂದು, ಅದು ನೋವಾಗಿ ಅನುಭವಕ್ಕೆ ಬರುವುದು ಇನ್ನೊಂದು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ಒಪ್ಪಿ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆ, ನೋವನ್ನು ಇಂದ್ರಿಯ ಮತ್ತು ಭಾವನೆ ಎರಡೂ ಕೂಡಿದ ಅಹಿತಕರ ಅನುಭವವೆಂದು ಹೇಳುತ್ತದೆ. ಅಂಗಾಂಶಕ್ಕೆ ಕಾಣುವ ಹಾನಿ ಇರಲೇಬೇಕೆಂಬ ಷರತ್ತು ಅದರಲ್ಲಿಲ್ಲ. ರೋಗಿ ನೋವೆಂದರೆ ಅದನ್ನು ಗೌರವಿಸಬೇಕು ಎಂಬ ಸೂಚನೆಯೂ ಪರಿಷ್ಕರಣೆಯ ಜೊತೆಗೆ ಬಂತು.

ಎರಡನೆಯ ಮಹಾಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಹೆಚ್ಚಿನವರು ನೋವುನಿವಾರಕ ಕೇಳಲಿಲ್ಲ ಎಂಬುದನ್ನು ವೈದ್ಯ ಹೆನ್ರಿ ಬೀಚರ್ 1946ರಲ್ಲಿ ದಾಖಲಿಸಿದರು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ದ್ವಾರ ನಿಯಂತ್ರಣ ಸಿದ್ಧಾಂತವನ್ನು ಮಂಡಿಸಿದರು. ಬೆನ್ನುಹುರಿಯ ಹಿಂಭಾಗದಲ್ಲಿ ಸ್ಪರ್ಶದ ಸಂಕೇತ ನೋವಿನ ಸಂಕೇತವನ್ನು ತಡೆಯಬಲ್ಲದು, ಮೇಲಿನಿಂದ ಮಿದುಳೂ ಆ ದ್ವಾರವನ್ನು ತೆರೆದು ಮುಚ್ಚಬಲ್ಲದು ಎಂಬುದು ಅದರ ಸಾರ. ಪೆಟ್ಟಾದ ಮೊಣಕೈಯನ್ನು ಉಜ್ಜಿಕೊಂಡರೆ ಹಾಯೆನಿಸುವುದಕ್ಕೆ ಈ ಸಿದ್ಧಾಂತ ವಿವರಣೆ ಕೊಟ್ಟಿತು. ಇದರ ಹಲವು ವಿವರಗಳು ಮುಂದೆ ತಿದ್ದುಪಡಿಯಾದರೂ ಮಿದುಳಿನ ಮೇಲ್ವಿಚಾರಣೆ ಎಂಬ ಮೂಲ ವಿಚಾರ ಉಳಿಯಿತು. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ನಡುಮಿದುಳಿನ ಒಂದು ಭಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟಾಗ, ಅರಿವಳಿಕೆಯ ಔಷಧಿಯಿಲ್ಲದೆಯೇ ಇಲಿಗಳು ಶಸ್ತ್ರಕ್ರಿಯೆಯ ನೋವಿಗೆ ಪ್ರತಿಕ್ರಿಯಿಸಲಿಲ್ಲ. ಅಲ್ಲಿಂದ ಮಿದುಳುಕಾಂಡದ ಕೆಳಭಾಗವಾದ ಮೆಡುಲಾದ ಮೂಲಕ ಬೆನ್ನುಹುರಿಗೆ ಇಳಿಯುವ ಮಾರ್ಗವನ್ನು ಅವರೋಹಿ ನಿಯಂತ್ರಣ ಮಾರ್ಗ ಎನ್ನುತ್ತಾರೆ. ಬೆಂಗಳೂರಿನ ಸಂಶೋಧನೆ ಮುಖ್ಯವಾಗಿ ನಡೆಯುತ್ತಿರುವುದು ಈ ಮಾರ್ಗದ ಮೇಲೆ.

ಬಾರಿಕ್ ಪ್ರಯೋಗಾಲಯದ ಕೆಲಸ

ಅರ್ಣಬ್ ಬಾರಿಕ್ ಡಾಕ್ಟರೇಟ್ ನಂತರದ ಸಂಶೋಧನೆಯನ್ನು ಚೆಸ್ಲರ್ ಅವರ ಪ್ರಯೋಗಾಲಯದಲ್ಲಿ ಮಾಡಿದರು. 2018ರಲ್ಲಿ ನ್ಯೂರಾನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಮತ್ತು ಸಹೋದ್ಯೋಗಿಗಳು ಇಲಿಗಳ ಮಿದುಳುಕಾಂಡದ ಒಂದು ಮಂಡಲವನ್ನು, ಅಂದರೆ ನರಕೋಶಗಳ ಜೋಡಣೆಯನ್ನು, ವಿವರಿಸಿದರು. ಬಿಸಿ ತಾಗಿದೊಡನೆ ಪಾದ ಎತ್ತುವಂಥ ಸರಳ ಪ್ರತಿವರ್ತನೆಗೆ ಬೆನ್ನುಹುರಿಯೊಂದೇ ಸಾಕು. ಅಲ್ಲಿಂದ ಪಾರಾಗಲು ಜಿಗಿಯುವಂಥ ಸಂಕೀರ್ಣ ವರ್ತನೆಗೆ ಮೇಲಿನ ಕೇಂದ್ರಗಳು ಬೇಕು. ಬೆನ್ನುಹುರಿ, ಪ್ಯಾರಾಬ್ರೇಕಿಯಲ್ ನ್ಯೂಕ್ಲಿಯಸ್ ಮತ್ತು ಮೆಡುಲಾದ ಜಾಲರಚನೆ ಈ ಮೂರೂ ಪರಸ್ಪರ ಜೋಡಣೆಗೊಂಡಿವೆ, ಟ್ಯಾಕ್1 ಜೀನನ್ನು ವ್ಯಕ್ತಪಡಿಸುವ ನರಕೋಶಗಳು ಈ ತಪ್ಪಿಸಿಕೊಳ್ಳುವ ವರ್ತನೆಯನ್ನು ಹೊರಡಿಸುತ್ತವೆ ಎಂದು ಅವರು ತೋರಿಸಿದರು. ಬೆನ್ನುಹುರಿಯಿಂದ ಪ್ಯಾರಾಬ್ರೇಕಿಯಲ್ ನ್ಯೂಕ್ಲಿಯಸ್‌ಗೆ ಏರುವ, ನೋವಿಗೆ ಕಾರಣವಾಗುವ ಮಾರ್ಗದ ಬಗ್ಗೆ ಇನ್ನೊಂದು ಅಧ್ಯಯನ 2021ರಲ್ಲಿ ಇಲೈಫ್ ಪತ್ರಿಕೆಯಲ್ಲಿ ಬಂತು.

ಬೆಂಗಳೂರಿನಲ್ಲಿ ಅವರ ತಂಡ ಕೈಗೆತ್ತಿಕೊಂಡ ಪ್ರಶ್ನೆ ಮಾನಸಿಕ ಒತ್ತಡ ನೋವನ್ನು ಹೇಗೆ ಬದಲಿಸುತ್ತದೆ ಎಂಬುದು. ದಿಢೀರನೆ ಬಂದೊದಗುವ ಒತ್ತಡ ನೋವನ್ನು ತಗ್ಗಿಸುತ್ತದೆ. ದೀರ್ಘಕಾಲದ ಒತ್ತಡ ಬಹುಮಟ್ಟಿಗೆ ಅದನ್ನು ಹೆಚ್ಚಿಸುತ್ತದೆ. ಮೊದಲನೆಯದನ್ನು ಒತ್ತಡಜನ್ಯ ನೋವುಶಮನ ಎನ್ನುತ್ತಾರೆ. ಬೆನ್ನಟ್ಟಿದ ಬೇಟೆಗಾರನಿಂದ ಓಡುವ ಪ್ರಾಣಿ ಗಾಯದ ಕಾಲನ್ನು ಲೆಕ್ಕಿಸದೆ ಓಡಲೇಬೇಕಾದ್ದರಿಂದ ಬದುಕುಳಿಯಲು ಇದು ಅಗತ್ಯ. ಮುಂಮಿದುಳಿನ ಲ್ಯಾಟರಲ್ ಸೆಪ್ಟಮ್‌ನ ಪ್ರತಿಬಂಧಕ ನರಕೋಶಗಳು ಒತ್ತಡದಲ್ಲಿ ಚುರುಕಾಗುತ್ತವೆ, ಅವು ಪಾರ್ಶ್ವ ಹೈಪೊಥಲಾಮಸ್‌ನ ನರಕೋಶಗಳ ಮೇಲೆ ಕೆಲಸ ಮಾಡುತ್ತವೆ, ಅಲ್ಲಿಂದ ಹೊರಟ ತಂತುಗಳು ಅವರೋಹಿ ಮಾರ್ಗದ ಮುಖ್ಯ ತಾಣವಾದ ಮೆಡುಲಾವನ್ನು ತಲುಪುತ್ತವೆ ಎಂದು ತಂಡ ಇಲೈಫ್ ಪತ್ರಿಕೆಯಲ್ಲಿ ವರದಿ ಮಾಡಿತು. ಸಂಸ್ಥೆಯ ಜೈವಿಕ ಎಂಜಿನಿಯರಿಂಗ್ ವಿಭಾಗವೂ ಈ ಕೆಲಸದಲ್ಲಿ ಕೈಜೋಡಿಸಿತ್ತು. ಒತ್ತಡವನ್ನು ಗುರುತಿಸುವ ಕೇಂದ್ರವೊಂದು ಬೆನ್ನುಹುರಿಯವರೆಗೆ ಮುಟ್ಟುವ ದಾರಿ ಹೀಗೆ ಹಂತಹಂತವಾಗಿ ಗುರುತಾಯಿತು.

ಇದರ ಮುಂದುವರಿಕೆ ತುರಿಕೆಯ ಅಧ್ಯಯನ. ತುರಿಕೆಯನ್ನು ಹಿಂದೆ ಮಂದವಾದ ನೋವೆಂದೇ ಭಾವಿಸಲಾಗಿತ್ತು. ಅದಕ್ಕೆ ಬೆನ್ನುಹುರಿಯಲ್ಲಿ ತನ್ನದೇ ನರಕೋಶಗಳಿವೆ ಎಂದು ಈಗ ತಿಳಿದಿದೆ. ನೋವು ಪ್ರಾಣಿಯನ್ನು ಹಿಂದೆ ಸರಿಸುತ್ತದೆ. ತುರಿಕೆ ಕೆರೆದುಕೊಳ್ಳುವಂತೆ ಮಾಡುತ್ತದೆ. ಪಾರ್ಶ್ವ ಹೈಪೊಥಲಾಮಸ್‌ನಲ್ಲಿ ಒತ್ತಡದಿಂದ ಎಚ್ಚರಗೊಳ್ಳುವ ನಿರ್ದಿಷ್ಟ ನರಕೋಶಗಳನ್ನು ಕೃತಕವಾಗಿ ಚುರುಕುಗೊಳಿಸಿದಾಗ ಇಲಿಗಳು ಕೆರೆದುಕೊಳ್ಳುವುದು ಕಡಿಮೆಯಾಯಿತು; ಅವನ್ನು ಸುಮ್ಮನಾಗಿಸಿದಾಗ ಒತ್ತಡದಿಂದ ತುರಿಕೆ ತಗ್ಗುವುದು ನಿಂತಿತು. ರಾಸಾಯನಿಕದಿಂದ ತಂದ ತಾತ್ಕಾಲಿಕ ತುರಿಕೆಯಲ್ಲೂ ಸೋರಿಯಾಸಿಸ್‌ನಂಥ ದೀರ್ಘಕಾಲದ ತುರಿಕೆಯಲ್ಲೂ ಈ ನರಕೋಶಗಳ ಪ್ರಭಾವ ಕಂಡುಬಂತು. ದಿಢೀರ್ ಒತ್ತಡ ತುರಿಕೆಯನ್ನು ತಗ್ಗಿಸಿದರೂ, ಚಿಂತೆ ದೀರ್ಘವಾದಾಗ ಚರ್ಮರೋಗ ಉಲ್ಬಣಿಸುತ್ತದೆ ಎಂಬುದು ಚರ್ಮವೈದ್ಯರಿಗೆ ಹೊಸತಲ್ಲ. ಒತ್ತಡ ಮತ್ತು ತುರಿಕೆ ಮಿದುಳಿನೊಳಗೆ ಸಂಧಿಸುವ ಒಂದು ಜಾಗವನ್ನು ಈ ಕೆಲಸ ತೋರಿಸಿಕೊಟ್ಟಿತು.

ಪ್ರಯೋಗದ ವಿಧಾನ

ಇಲಿಗೆ ನೋವಾಗಿದೆಯೇ ಎಂದು ಕೇಳಲಾಗದು. ಆದ್ದರಿಂದ ಅದರ ವರ್ತನೆಯನ್ನು ಅಳೆಯುತ್ತಾರೆ. ಬಿಸಿತಟ್ಟೆ ಪರೀಕ್ಷೆಯಲ್ಲಿ ಪಾರದರ್ಶಕ ಗೋಡೆಯ ಪೆಟ್ಟಿಗೆಯೊಳಗೆ, ಸಾಮಾನ್ಯವಾಗಿ 52 ಡಿಗ್ರಿಯ ಆಸುಪಾಸಿನಲ್ಲಿರುವ ಲೋಹದ ತಟ್ಟೆಯ ಮೇಲೆ ಇಲಿಯನ್ನು ಬಿಡುತ್ತಾರೆ. ಅದು ಪಾದ ಒದರಲು, ಪಾದ ನೆಕ್ಕಲು ಅಥವಾ ಜಿಗಿಯಲು ಹಿಡಿದ ಸಮಯವನ್ನು ಸೆಕೆಂಡುಗಳಲ್ಲಿ ಬರೆದುಕೊಳ್ಳುತ್ತಾರೆ. ಪಾದ ಒದರುವುದು ಪ್ರತಿವರ್ತನೆ. ನೋಯುವ ಪಾದವನ್ನು ನೆಕ್ಕುವುದು ನೋವನ್ನು ಗಮನಿಸಿ ಆರೈಕೆ ಮಾಡಿಕೊಳ್ಳುವ ವರ್ತನೆ ಎಂದು ಎರಡನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಗೊತ್ತುಪಡಿಸಿದ ಗಡುವು ಮುಗಿದರೆ, ಪ್ರತಿಕ್ರಿಯೆ ಬಾರದಿದ್ದರೂ ಇಲಿಯನ್ನು ಎತ್ತಿಬಿಡಬೇಕು; ಇಲ್ಲದಿದ್ದರೆ ಪಾದ ಸುಡುತ್ತದೆ. ಯಾಂತ್ರಿಕ ಸ್ಪರ್ಶಕ್ಕೆ ಫಾನ್ ಫ್ರೈ ಎಳೆಗಳನ್ನು ಬಳಸುತ್ತಾರೆ. ಪ್ರತಿಯೊಂದು ಎಳೆಯೂ ನಿಗದಿತ ಬಲದಲ್ಲಿ ಮಾತ್ರ ಬಾಗುತ್ತದೆ.

ಮಿದುಳಿನ ಒಳಗಿನ ಕೆಲಸಕ್ಕೆ ಮೂರು ತಂತ್ರಗಳು ಮುಖ್ಯ. ನಿರುಪದ್ರವಿ ವೈರಸ್ಸಿನ ಮೂಲಕ ಆಯ್ದ ನರಕೋಶಗಳಿಗೆ ಜೀನನ್ನು ಸೇರಿಸಿ, ಬೆಳಕು ಹಾಯಿಸಿ ಅವನ್ನು ಚುರುಕುಗೊಳಿಸುವುದು ಆಪ್ಟೊಜೆನೆಟಿಕ್ಸ್. ವಿಶೇಷ ರಾಸಾಯನಿಕ ಕೊಟ್ಟು ಅದನ್ನೇ ಮಾಡುವುದು ಕೀಮೊಜೆನೆಟಿಕ್ಸ್. ನರಕೋಶ ಕ್ರಿಯಾಶೀಲವಾದಾಗ ಹೊಳೆಯುವ ಪ್ರೋಟೀನಿನ ಬೆಳಕನ್ನು ಕೂದಲೆಳೆಯಂಥ ಆಪ್ಟಿಕಲ್ ಫೈಬರಿನಿಂದ ಅಳೆಯುವುದು ಫೈಬರ್ ಫೋಟೊಮೆಟ್ರಿ. ಮೊದಲೆರಡು ತಂತ್ರಗಳು ಕಾರಣವನ್ನು ಪರೀಕ್ಷಿಸುತ್ತವೆ. ಮೂರನೆಯದು ನಡೆಯುತ್ತಿರುವುದನ್ನು ನೋಡಲು ನೆರವಾಗುತ್ತದೆ.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಭಾರತದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯಡಿ ರಚನೆಯಾದ ಕೇಂದ್ರ ಸಮಿತಿಯಲ್ಲಿ ಸಂಸ್ಥೆ ನೋಂದಾಯಿಸಿಕೊಂಡಿರಬೇಕು, ಪ್ರತಿ ಯೋಜನೆಗೂ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ನೋವಿನ ಸಂಶೋಧನೆಯಲ್ಲಿ ನೋವನ್ನು ಪೂರ್ತಿ ಇಲ್ಲವಾಗಿಸಿದರೆ ಅಧ್ಯಯನವೇ ಸಾಧ್ಯವಿಲ್ಲ. ಹಾಗಾಗಿ ಅದನ್ನು ಆದಷ್ಟು ಕಡಿಮೆ ತೀವ್ರತೆಗೆ, ಕಡಿಮೆ ಸಮಯಕ್ಕೆ, ಕಡಿಮೆ ಪ್ರಾಣಿಗಳಿಗೆ ಸೀಮಿತಗೊಳಿಸಬೇಕೆಂಬುದು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ ಮಾರ್ಗಸೂಚಿಯ ತಿರುಳು.

ನೆರೆಯ ಸಂಶೋಧನೆಗಳು

ನರವಿಜ್ಞಾನ ಕೇಂದ್ರದಲ್ಲೇ ಅನುಪಮಾ ಸತ್ಯಮೂರ್ತಿ ಅವರ ತಂಡ ಬೆನ್ನುಹುರಿ ಮತ್ತು ಚಲನೆಯ ನರಮಂಡಲಗಳನ್ನು ಅಧ್ಯಯನ ಮಾಡುತ್ತದೆ. ಬೆನ್ನುಹುರಿಯ ನರಕೋಶಗಳನ್ನು ಒಂದೊಂದು ಕೋಶಕೇಂದ್ರದ ಜೀನ್ ಚಟುವಟಿಕೆಯಿಂದ ವರ್ಗೀಕರಿಸಿದ 2018ರ ಪ್ರಬಂಧದ ಮೊದಲ ಲೇಖಕಿ ಅವರು. ಸ್ಪರ್ಶ ಮತ್ತು ನೋವಿನ ಸಂಕೇತಗಳ ಮೊದಲ ನಿಲ್ದಾಣ ಬೆನ್ನುಹುರಿಯೇ ಆದ್ದರಿಂದ ಇಂಥ ವರ್ಗೀಕರಣ ಎಲ್ಲರಿಗೂ ಬೇಕಾದದ್ದು.

ಎನ್‌ಸಿಬಿಎಸ್‌ನಲ್ಲಿ ಸಂಧ್ಯಾ ಕೌಶಿಕಾ ಸ್ಪರ್ಶ ನರಕೋಶಗಳನ್ನು ಬೇರೊಂದು ಉದ್ದೇಶಕ್ಕೆ ಬಳಸಿದರು. ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನ ದ್ವಿಲಿಂಗಿ ರೂಪದಲ್ಲಿ 302 ನರಕೋಶಗಳಿವೆ. ಮೃದು ಸ್ಪರ್ಶವನ್ನು ಗ್ರಹಿಸುವವು ಅವುಗಳಲ್ಲಿ ಆರು ಮಾತ್ರ. ಹುಳುವಿನ ಮೈ ಪಾರದರ್ಶಕವಾದ್ದರಿಂದ ಈ ಉದ್ದನೆಯ ನರಕೋಶಗಳೊಳಗೆ ಸರಕು ಸಾಗಣೆ ಹೇಗೆ ನಡೆಯುತ್ತದೆಂದು ಜೀವಂತ ಸ್ಥಿತಿಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಹುಳುವನ್ನು ಅರಿವಳಿಕೆಯಿಲ್ಲದೆ ಮೆತ್ತಗೆ ಹಿಡಿದಿಡುವ ಸೂಕ್ಷ್ಮ ಸಾಧನವನ್ನೂ ಅವರ ತಂಡ ರೂಪಿಸಿತು. ಮುಂದೆ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ತೆರಳಿದರು.

ಬೋಧನೆ

ವಿಷಯವನ್ನು ಎರಡು ಬಗೆಯ ವಿದ್ಯಾರ್ಥಿಗಳು ಎರಡು ರೀತಿಯಲ್ಲಿ ಕಲಿಯುತ್ತಾರೆ. ನರವಿಜ್ಞಾನ ಕೇಂದ್ರದ ಪಿಎಚ್‌ಡಿಗೆ ಜೀವಶಾಸ್ತ್ರ, ಎಂಜಿನಿಯರಿಂಗ್, ವೈದ್ಯಕೀಯ ಹಿನ್ನೆಲೆಯವರು ಬರುತ್ತಾರೆ. ಅವರು ಮೊದಲು ತರಗತಿಯ ಪಾಠ ಮುಗಿಸಿ, ನಂತರ ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ಸಂಭಾಳಿಸುವುದರಿಂದ ಹಿಡಿದು ದತ್ತಾಂಶ ವಿಶ್ಲೇಷಣೆಯವರೆಗೆ ಕೈಯಾರೆ ಕಲಿಯುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ನಡೆಸುವ ಮುಕ್ತ ದಿನದಂದು ಶಾಲಾ ಮಕ್ಕಳೂ ಸಾರ್ವಜನಿಕರೂ ಪ್ರಯೋಗಾಲಯಗಳನ್ನು ನೋಡಬಹುದು.

ವೈದ್ಯಕೀಯ ಕಾಲೇಜಿನಲ್ಲಿ ಸ್ಪರ್ಶದ ಪಾಠ ಎಂಬಿಬಿಎಸ್ ಮೊದಲ ವರ್ಷದ ಶರೀರಕ್ರಿಯಾವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಆರಂಭವಾಗುತ್ತದೆ. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಪರೀಕ್ಷಿಸಿಕೊಳ್ಳುತ್ತಾರೆ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಚರ್ಮಕ್ಕೆ ಸೋಕಿಸಿ ‘ಗೊತ್ತಾಯಿತಾ?’ ಎಂದು ಕೇಳುತ್ತಾರೆ. ಒತ್ತಿ ಎಳೆದರೆ ಪರೀಕ್ಷೆ ತಪ್ಪುತ್ತದೆ. ಪಿನ್ನಿನ ಮೊನೆ ಮತ್ತು ತಲೆಯನ್ನು ಅದಲುಬದಲು ಮಾಡಿ ಚೂಪೋ ಮೊಂಡೋ ಎಂದು ಹೇಳಿಸುತ್ತಾರೆ. ಸೆಕೆಂಡಿಗೆ 128 ಸಲ ಕಂಪಿಸುವ ಶ್ರುತಿಕವಲನ್ನು ಕಾಲಿನ ಹೆಬ್ಬೆರಳ ಮೂಳೆಯ ಮೇಲಿಟ್ಟು ಕಂಪನ ನಿಂತ ಕ್ಷಣವನ್ನು ಕೇಳುತ್ತಾರೆ. ಎಡ ಬಲ ಎರಡೂ ಕಡೆ ‘ಒಂದೇ ಥರ ಇದೆಯಾ?’ ಎಂಬುದು ಕೊನೆಯ ಪ್ರಶ್ನೆ. ಹತ್ತಿ ಮತ್ತು ಶ್ರುತಿಕವಲು ದಪ್ಪ ತಂತುಗಳನ್ನೂ, ಪಿನ್ನು ಸಣ್ಣ ತಂತುಗಳನ್ನೂ ಪರೀಕ್ಷಿಸುತ್ತವೆ. ಒಂದು ಉಳಿದು ಇನ್ನೊಂದು ಹೋಗಿದ್ದರೆ ತೊಂದರೆ ಬೆನ್ನುಹುರಿಯ ಯಾವ ಭಾಗದಲ್ಲಿದೆ ಎಂದು ಊಹಿಸಬಹುದು. ಹೆಬ್ಬಾಳದ ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ಈ ಪ್ರಶ್ನೋತ್ತರದ ಅನುಕೂಲವಿಲ್ಲ. ದನದ ನಡಿಗೆ, ಮೇವು ಬಿಡುವುದು, ಹಲ್ಲು ಕಡಿಯುವುದು ಇವುಗಳಿಂದಲೇ ನೋವನ್ನು ಗುರುತಿಸಬೇಕು.

ವೈದ್ಯಕೀಯ ಮಹತ್ವ

ಸ್ಪರ್ಶ ಮತ್ತು ನೋವು ಇಲ್ಲವಾಗುವುದೂ ರೋಗವೇ. ಹಲವು ವರ್ಷಗಳ ಸಕ್ಕರೆ ಕಾಯಿಲೆ ಪಾದದ ನರತುದಿಗಳನ್ನು ಹಾಳುಮಾಡುತ್ತದೆ. ರೋಗಿಗಳು ಪಾದ ಉರಿ, ಜೋಮು, ಹತ್ತಿಯ ಮೇಲೆ ನಡೆದಂತಿದೆ ಎನ್ನುತ್ತಾರೆ. ಚಪ್ಪಲಿ ಜಾರಿಹೋದರೂ ತಿಳಿಯುವುದಿಲ್ಲ ಎನ್ನುವ ಹಂತ ಆಮೇಲಿನದು. ಹತ್ತು ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಈ ಸ್ಥಿತಿಯನ್ನು ಪತ್ತೆಮಾಡುತ್ತಾರೆ. ಇದು ಪ್ರಯೋಗಾಲಯದ ಫಾನ್ ಫ್ರೈ ಎಳೆಯದೇ ಇನ್ನೊಂದು ರೂಪ. ಕುಷ್ಠರೋಗಿಗಳ ಬೆರಳು ಸವೆಯುವುದಕ್ಕೆ ಮುಖ್ಯ ಕಾರಣ ನೋವಿನ ಅರಿವಿಲ್ಲದೆ ಆಗುವ ಗಾಯಗಳೇ ಎಂದು ವೆಲ್ಲೂರಿನಲ್ಲಿ ಕೆಲಸ ಮಾಡಿದ ಪಾಲ್ ಬ್ರಾಂಡ್ ತೋರಿಸಿದ್ದರು.

ಇನ್ನೊಂದು ತುದಿಯಲ್ಲಿ ತಡೆಯಲಾಗದ ನೋವಿದೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಅಗತ್ಯವಾದರೂ 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡುಗಳಿಂದ ಅದು ಸಿಗುವುದು ಕಷ್ಟವಾಗಿತ್ತು. 2014ರ ತಿದ್ದುಪಡಿ ವೈದ್ಯಕೀಯ ಬಳಕೆಯ ನಿಯಮಗಳನ್ನು ಸರಳಗೊಳಿಸಿತು. ಬೆಂಗಳೂರಿನ ಕರುಣಾಶ್ರಯ ಕ್ಯಾನ್ಸರಿನ ಕೊನೆಯ ಹಂತದವರಿಗೆ ಉಚಿತ ಉಪಶಮನ ಆರೈಕೆ ನೀಡುತ್ತ ಬಂದಿದೆ. ಮಾರ್ಫಿನ್ ಕೆಲಸ ಮಾಡುವ ಮುಖ್ಯ ತಾಣಗಳಲ್ಲಿ ಅವರೋಹಿ ನಿಯಂತ್ರಣ ಮಾರ್ಗವೂ ಒಂದು.

ಸ್ಥಿತಿಗತಿ

ಹೊಸ ಔಷಧಿಗಳ ಹುಡುಕಾಟ ಈವರೆಗೆ ಹೆಚ್ಚಾಗಿ ನಡೆದಿರುವುದು ನರದ ಹೊರತುದಿಯಲ್ಲಿ. ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದ ನೋವೇ ತಿಳಿಯದವರಿಗೆ ಎನ್‌ಎವಿ1.7 ಎಂಬ ಸೋಡಿಯಂ ದ್ವಾರ ಕೆಲಸ ಮಾಡುತ್ತಿಲ್ಲವೆಂದು 2006ರಲ್ಲಿ ಪತ್ತೆಯಾದದ್ದು ಇದಕ್ಕೆ ಪ್ರೇರಣೆಯಾಯಿತು. ಅದರ ಸೋದರ ದ್ವಾರವಾದ ಎನ್‌ಎವಿ1.8 ಅನ್ನು ತಡೆಯುವ ಸುಜೆಟ್ರಿಜಿನ್ ಔಷಧಿಗೆ ಅಮೆರಿಕ 2025ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಮಿದುಳಿನ ಒಳಗಿನ ಮಂಡಲಗಳು ಇದಕ್ಕಿಂತ ಕಠಿಣ ಗುರಿ: ಪಾರ್ಶ್ವ ಹೈಪೊಥಲಾಮಸ್ ನೋವು, ತುರಿಕೆಗಳ ಜೊತೆಗೆ ಹಸಿವು, ಎಚ್ಚರ, ಪ್ರೇರಣೆಗಳಲ್ಲೂ ಪಾಲು ಪಡೆಯುವುದರಿಂದ ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ. ಬೆಂಗಳೂರಿನ ಫಲಿತಾಂಶಗಳು ಇಲಿಗಳಿಗೆ ಸಂಬಂಧಿಸಿದವು. ಅವನ್ನು ಆಧರಿಸಿದ ಯಾವ ಔಷಧಿಯೂ ಇನ್ನೂ ಬಳಕೆಗೆ ಬಂದಿಲ್ಲ.